ಒಂದು ಬಾಗಿಲಿಗೆ ಊರೆಲ್ಲ ಮುಯ್ಯಿ

ಮದುವೆಯಾಗಿ ಒಂದೂವರೆ ವರ್ಷವಾಗಿದ್ದರೂ ನಾನೂ ನನ್ನ ಗಂಡನೂ ಬಾಗಿಲು ಹಾಕಿಕೊಂಡು ಮಲಗಿದವರಲ್ಲ. ಹೀಗೆ ಬರೆದರೆ ಕೆಲವರು ಕೆಮ್ಮುತ್ತಾರೆ, ಕೆಮ್ಮಲಿ. ತೊಂಬತ್ತರ ದಶಕದ ಕೊನೆಯ ಹೊತ್ತು. ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಒಂದು ವಠಾರದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಬಚ್ಚಲು, ಉಳಿದ ಜಾಗದಲ್ಲಿ ನಾನು, ನನ್ನ ಗಂಡ ಮತ್ತು ನಮ್ಮ ಅತ್ತೆ. ಬೀದಿಗೆ ಒಂದು ಬಾಗಿಲಿತ್ತು. ಅದನ್ನು ಹಾಕಿದರೆ ಮೂವರೂ ಒಳಗೇ ಇರುತ್ತಿದ್ದೆವು.

ಮೊದಮೊದಲು ನನ್ನ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿ ನೋಡಿದೆವು. ಸೀರೆ ಕಣ್ಣಿಗೆ ಅಡ್ಡವಾಗುತ್ತದೆ, ಕಿವಿಗಲ್ಲ. ನನ್ನ ಗಂಡ ಒಂದು ಮಾತು ಪಿಸುಗುಟ್ಟಿದರೆ ಸಾಕು, ಆಚೆಯಿಂದ ಅತ್ತೆ, “ಯಾಕ್ಲಾ ಮಗಾ, ನೀರು ಬೇಕಾ?” ಅನ್ನುವರು. ಅವರು ಪಾಪ, ನಿಜವಾಗಿಯೂ ನೀರೇ ಬೇಕೇನೋ ಅಂದುಕೊಂಡು ಕೇಳುತ್ತಿದ್ದರು. ಇವರು ಗಟಗಟ ಒಂದು ಚೊಂಬು ನೀರು ಕುಡಿದು ಗೋಡೆ ಕಡೆ ತಿರುಗಿ ಮಲಗುವರು.

ಆಮೇಲಾಮೇಲೆ ಅತ್ತೆಗೆ ಅರ್ಥವಾಯಿತು. ಅರ್ಥವಾದದ್ದೇ ನಮಗೆ ಇನ್ನೂ ಕಷ್ಟವಾಯಿತು. ಭಾನುವಾರ ಟಿವಿಯಲ್ಲಿ ಸಿನಿಮಾ ಹಾಕುವ ಹೊತ್ತಿಗೆ ಸೆರಗು ಕೊಡವಿಕೊಂಡು ಎದ್ದು, ವಠಾರಕ್ಕೆಲ್ಲ ಕೇಳುವ ಹಾಗೆ, “ಪಿಚ್ಚರ್ ಮುಗಿಯೋಗಂಟ ನಾನು ಬರಾಕಿಲ್ಲ ಕಣ್ರಪ್ಪಾ!” ಎಂದು ಸಾರಿ ಪಕ್ಕದ ಮನೆಗೆ ಹೋಗುವರು. ಹಾಗೆ ಸಾರಿದ ಮೇಲೆ ನಲ್ಲಿ ಹತ್ತಿರ ಕೂತ ಹೆಂಗಸರೆಲ್ಲ ನಮ್ಮ ಬಾಗಿಲ ಕಡೆ ನೋಡಿ ಮುಸಿಮುಸಿ ನಗುವರು. ನಾನು ಹಠಕ್ಕೆ ಬಿದ್ದು ಬಾಗಿಲು ಹಾರು ಹೊಡೆದು, ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ಅರ್ಧದಲ್ಲಿ ಕರೆಂಟ್ ಹೋದರೆ ಅತ್ತೆ ಪಕ್ಕದ ಮನೆ ಹೊಸಿಲಿಂದಲೇ, “ಕರೆಂಟ್ ಹೋಯ್ತು, ನಾನು ಬತ್ತಾ ಇವ್ನಿ!” ಎಂದು ಕೂಗುತ್ತ ಬರುವರು. ಆ ಮಹರಾಯ್ತಿಗೆ ಏನು ಹೇಳುವುದು?

ಇಂಥ ಹೊತ್ತಿನಲ್ಲಿ ಪೇಟೆಗೆ ಹತ್ತಿರದಲ್ಲೇ ಒಂದು ಮನೆ ಖಾಲಿಯಿದೆ ಅಂತ ತಿಳಿದು ನೋಡಲು ಹೋದೆವು. ಮುಂದೆ ಒಂದು ನಡುಮನೆ, ಹಿಂದೆ ಒಂದು ಕೋಣೆ, ಪಕ್ಕದಲ್ಲಿ ಸಣ್ಣ ಅಡುಗೆಮನೆ. ಓನರ್ ಅಮ್ಮ ನಲ್ಲಿ ತೋರಿಸಿದರು, ಹಿತ್ತಲು ತೋರಿಸಿದರು. ನಾನು ಅದೇನನ್ನೂ ನೋಡಲಿಲ್ಲ. ನಡುಮನೆಗೂ ಕೋಣೆಗೂ ನಡುವೆ ಹಲಸಿನ ಮರದ ದಪ್ಪ ಬಾಗಿಲು, ಒಳಗಡೆ ಕಬ್ಬಿಣದ ಚಿಲಕ. ಒಂದು ಸಲ ಹಾಕಿ ತೆಗೆದೆ. ಕಟಕ್ ಅಂತು. ಇನ್ನೊಂದು ಸಲ ಹಾಕಿದೆ. ನನ್ನ ಗಂಡ ಕಿವಿವರೆಗೂ ಕೆಂಪಾಗಿ, “ಸಾಕು ಬಾರೇ,” ಅಂದರು.

ಬಾಡಿಗೆ ಏಳುನೂರು. ಅದನ್ನು ಹೇಗೋ ಹೊಂದಿಸಬಹುದಿತ್ತು. ಇವರು ಕೊಬ್ಬರಿ ಮಂಡಿಯಲ್ಲಿ ಬಿಲ್ಲು ಬರೆಯುತ್ತಿದ್ದರು, ನಾನು ಖಾಸಗಿ ಶಿಶುವಿಹಾರವೊಂದರಲ್ಲಿ ಮಕ್ಕಳ ಮೂಗು ಒರೆಸುತ್ತಿದ್ದೆ. ನನ್ನ ಸಂಬಳವನ್ನು ಹೇಳಿದರೆ ನಿಮಗೆ ನಗು ಬರುತ್ತದೆ, ಹೇಳುವುದಿಲ್ಲ. ಆದರೆ ಅಡ್ವಾನ್ಸ್ ಹತ್ತು ಸಾವಿರ. “ಪೂರ್ತಿ ಕೈಗೆ ಬಂದ ಮೇಲೇ ಬೀಗದ ಕೈ,” ಅಂದರು ಓನರ್ ಅಮ್ಮ. ಅಷ್ಟು ದುಡ್ಡನ್ನು ನಾವು ಒಟ್ಟಿಗೆ ನೋಡಿದ್ದೇ ಮಂಡಿಯ ಗಲ್ಲಾಪೆಟ್ಟಿಗೆಯಲ್ಲಿ, ಅದೂ ಇವರು, ನಾನಲ್ಲ.

ಸಾಲ ಕೇಳುವುದು ಅವಮಾನವೇನಲ್ಲ. ಸಾಲ ಕೇಳಿದವರಿಗೆ “ಯಾಕೆ?” ಅನ್ನುವ ಪ್ರಶ್ನೆ ಬರುತ್ತದಲ್ಲ, ಅದು ಕಷ್ಟ. ಮೂರು ಜನಕ್ಕೆ ಇರುವ ಮನೆ ಸಾಲದೇ ಅಂತ ಕೇಳಿದರೆ ಏನು ಹೇಳಲಿ? ಬೇಲೂರಿನಲ್ಲಿದ್ದ ನನ್ನ ಅಣ್ಣನ ಹತ್ತಿರ ಹೋಗಿ, ಬಿಎಡ್‌ಗೆ ಓದಬೇಕು, ಓದಿಕೊಳ್ಳಲು ಬೇರೆ ಕೋಣೆ ಬೇಕು ಅಂದೆ. ಅಣ್ಣನ ಕಣ್ಣಲ್ಲಿ ನೀರು ಬಂತು. ದುಡ್ಡು ಮಾತ್ರ ಬರಲಿಲ್ಲ. ಮರುವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಳೇ ಗೈಡುಗಳ ಒಂದು ಕಟ್ಟು ಕಳಿಸಿಕೊಟ್ಟ. ಶಾಲೆಯ ಸೆಕ್ರೆಟರಿಯವರ ಹತ್ತಿರ, ಅತ್ತೆಗೆ ಉಬ್ಬಸ, ಒಲೆ ಹೊಗೆ ಆಗುವುದಿಲ್ಲ, ಬೇರೆ ಮನೆ ಮಾಡಬೇಕು ಅಂದೆ. ಅವರು ತಮ್ಮ ಮನೆಯಲ್ಲೇ ಕಾಸಿದ ಒಂದು ಡಬ್ಬಿ ಲೇಹ್ಯ ಕೊಟ್ಟರು. ಉಬ್ಬಸ ಇಲ್ಲದ ನಮ್ಮತ್ತೆ ಅದನ್ನು ರೊಟ್ಟಿಗೆ ಹಚ್ಚಿಕೊಂಡು ನಾಲ್ಕು ದಿನಕ್ಕೆ ಮುಗಿಸಿ, “ಇನ್ನೊಂದು ಡಬ್ಬಿ ಕೊಟ್ಟಾರಾ ಕೇಳು,” ಅಂದರು.

ಕೊನೆಗೆ ಉಳಿದವರು ಮಂಡಿ ಸಾಹುಕಾರರು. ಅಲ್ಲಿಗೆ ಇವರೇ ಹೋಗಬೇಕಾಯಿತು. ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲೂ ಬರುವುದಿಲ್ಲ. ಸಾಹುಕಾರರು ಯಾಕೆ ಅಂತ ಕೇಳಿದಾಗ ಕಾಲ ಹೆಬ್ಬೆರಳಲ್ಲಿ ನೆಲ ಕೆರೆಯುತ್ತ ನಿಂತರಂತೆ. “ಮನೇಲಿ ಎಷ್ಟು ಜನ?” “ಮೂರು ಸಾರ್.” “ರೂಮು?” “ಒಂದು ಸಾರ್.” “ಮದ್ವೆ ಆಗಿ?” “ಒಂದೂವರೆ ವರ್ಷ ಸಾರ್.” ಆರು ಮಕ್ಕಳ ತಂದೆ ಆತ, ಅಷ್ಟಕ್ಕೇ ಎಲ್ಲ ತಿಳಿಯಿತು. ತೂಕದ ಹುಡುಗರೆಲ್ಲ ತಿರುಗಿ ನೋಡುವ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕವರು ದುಡ್ಡನ್ನೂ ಕೊಟ್ಟರು. ಕೊಟ್ಟು, ನಗು ನಿಲ್ಲಿಸಿ, “ಯುಗಾದಿ ಹೊತ್ಗೆ ವಾಪಸ್ ಬರ್ಬೇಕು ಕಣಯ್ಯ. ಇಲ್ದಿದ್ರೆ ತಿಂಗ್ಳು ತಿಂಗ್ಳು ಅರ್ಧ ಸಂಬ್ಳ ಹಿಡ್ಕೋತೀನಿ,” ಅಂದರು. ಅರ್ಧ ಸಂಬಳ ಹಿಡಿದರೆ ಬಾಡಿಗೆ ಕಟ್ಟಲಾಗದು. ಬಾಡಿಗೆ ಕಟ್ಟದಿದ್ದರೆ ಮತ್ತೆ ಅದೇ ವಠಾರ, ಅದೇ ಸೀರೆ. ಅಂದರೆ ಆ ಚಿಲಕ ನಮ್ಮದಾದದ್ದು ಯುಗಾದಿಯವರೆಗೆ ಮಾತ್ರ.

ಅಡ್ವಾನ್ಸ್ ಕಟ್ಟಿ ಬೀಗದ ಕೈ ತಂದೆವು, ಆದರೆ ಹಾಲುಕ್ಕಿಸದೆ ಹೊಸ ಮನೆಗೆ ಹೋಗುವ ಹಾಗಿರಲಿಲ್ಲ. ಆಗ ಸಂಕ್ರಾಂತಿ ಕಳೆದಿತ್ತಷ್ಟೇ. ಎಣಿಸಿದರೆ ಎರಡು ತಿಂಗಳ ಮೇಲೆ ಸ್ವಲ್ಪ ದಿನ. ಹತ್ತು ಸಾವಿರ ಎಲ್ಲಿಂದ ತರುವುದು ಅಂತ ನಾವಿಬ್ಬರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅತ್ತೆ ತಲೆಯೆತ್ತದೆ, “ನನ್ನ ದುಡ್ಡು ಐತಲ್ಲ,” ಅಂದರು.

ನಾವಿಬ್ಬರೂ ಮೆಟ್ಟಿಬಿದ್ದೆವು. ಅತ್ತೆಯ ಹತ್ತಿರ ದುಡ್ಡು! ಇವರು, “ಎಲ್ಲೈತವ್ವ?” ಅಂದರು.

“ಜಾವಗಲ್ಲಲ್ಲಿ ಐತೆ. ಬಾಣಾವರದಲ್ಲಿ ಐತೆ. ಕಣಕಟ್ಟೇಲಿ ಮನೆಮನೇಲೂ ಐತೆ. ಹಳೇಬೀಡಲ್ಲಿ ಒಂದು ಹಿತ್ತಾಳೆ ಕೊಳಗಾನೇ ಐತೆ.”

ಮುಯ್ಯಿಯ ಮಾತು ಅದು. ನಮ್ಮ ಕಡೆ ಮದುವೆ, ನಾಮಕರಣ, ಗೃಹಪ್ರವೇಶ ಯಾವುದಕ್ಕೆ ಹೋದರೂ ಬರಿಗೈಲಿ ಹೋಗುವುದಿಲ್ಲ. ದುಡ್ಡೋ ಪಾತ್ರೆಯೋ ಕಾಯೋ ಮುಯ್ಯಿ ಮಾಡಿ ಬರುತ್ತೇವೆ. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಅದನ್ನು ತೀರಿಸಬೇಕು, ಒಂದು ರೂಪಾಯಿಯಾದರೂ ಹೆಚ್ಚಿಗೆ ಸೇರಿಸಿ. ಅತ್ತೆ ಮೂವತ್ತು ವರ್ಷ ಊರೂರು ಸುತ್ತಿ ಮುಯ್ಯಿ ಮಾಡಿದವರು. ಒಬ್ಬನೇ ಮಗ, ಅವನ ಮದುವೆಯಲ್ಲಿ ಎಲ್ಲ ವಾಪಸ್ಸು ಬರುತ್ತದೆಂದು ಕಾದವರು. ಆದರೆ ಆ ವರ್ಷವೇ ಮಾವನವರು ತೀರಿಕೊಂಡರು. ವರ್ಷದೊಳಗೆ ಮದುವೆ ಮುಗಿಸಬೇಕೆಂದು ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ತಾಳಿ ಕಟ್ಟಿಸಿದರು. ಸಾವಿನ ಮನೆಯ ಮದುವೆ ಅಂತ ಯಾರನ್ನೂ ಕರೆಯಲಿಲ್ಲ, ಮುಯ್ಯಿ ಹಾಗೇ ಉಳಿಯಿತು.

“ಹೊಸ ಮನೇಲಿ ಹಾಲುಕ್ಕಿಸಾನ. ಎಲ್ರನ್ನೂ ಕರೆಯಾನ,” ಅಂದರು ಅತ್ತೆ.

“ಬಾಡಿಗೆ ಮನೆಗೆ ಯಾರಾದ್ರೂ ಮುಯ್ಯಿ ಮಾಡ್ತಾರೇನವ್ವ? ಸ್ವಂತ ಮನೆಯಾದ್ರೆ ಸರಿ.”

“ಉಕ್ಕೋದು ಹಾಲು ಕಣ್ಲಾ. ಮನೆ ಯಾರ್ದು ಅಂತ ಹಾಲಿಗೆ ಏನ್ ಗೊತ್ತಾಯ್ತದೆ?”

ನನ್ನ ಗಂಡ ತಲೆ ಕೆರೆದುಕೊಂಡರು. ನಾನು ಆಗಲೇ ಕುಂಕುಮದ ಬಟ್ಟಲು ಹುಡುಕುತ್ತಿದ್ದೆ. ಮುಂದಿನ ಭಾನುವಾರಗಳಲ್ಲಿ ನಾನೂ ಅತ್ತೆಯೂ ಬಸ್ಸು ಹತ್ತಿ ಕರೆಯಲು ಹೊರಟೆವು. ಕುಂಕುಮ ಕೊಡುವುದು ನನ್ನ ಕೆಲಸ, ಮಾತು ಅತ್ತೆಯದು. ಅವರು ಎಲ್ಲೂ ಸ್ವಂತ ಮನೆ ಅನ್ನಲಿಲ್ಲ, ಬಾಡಿಗೆ ಮನೆ ಅಂತಲೂ ಅನ್ನಲಿಲ್ಲ. “ನಮ್ಮುಡುಗ ಹೊಸಮನೆಗೆ ಹೋಯ್ತಾವ್ನೆ, ಬರ್ಬೇಕು,” ಅಷ್ಟೇ. ಕಣಕಟ್ಟೆಯಲ್ಲಿ ಒಬ್ಬರು, “ಎಷ್ಟು ಬಿತ್ತಮ್ಮ ಮನೆಗೆ?” ಅಂದರು. “ಸದ್ಯಕ್ಕೆ ಹತ್ತು ಸಾವ್ರ ಕಟ್ಟಿದೀವಿ ಕಣಪ್ಪ. ಇನ್ನ ತಿಂಗ್ಳು ತಿಂಗ್ಳು ಏಳ್ನೂರು ಕಟ್ತಾ ಹೋಗ್ಬೇಕು,” ಅಂದರು ಅತ್ತೆ. “ಓ, ಲೋನು,” ಅಂತ ಅವರೇ ತಲೆದೂಗಿದರು. ನಾನು ಕುಂಕುಮದ ಬಟ್ಟಲಲ್ಲಿ ಮುಖ ಹುದುಗಿಸಿಕೊಂಡು ನಗು ತಡೆದೆ. ಬಸ್ ಸ್ಟಾಪಿಗೆ ಬಂದ ಮೇಲೆ ಅತ್ತೆ, “ನಾನೇನಾರ ಸುಳ್ಳು ಹೇಳಿದ್ನಾ?” ಅಂತ ಕೇಳಿದರು. ಇಲ್ಲ ಅತ್ತೆ, ಒಂದಕ್ಷರವೂ ಇಲ್ಲ.

ಓನರ್ ಅಮ್ಮ ಗೋಡೆಯ ಆಚೆ ಬದಿಯ ಮನೆಯಲ್ಲೇ ಇದ್ದರು. ಅವರಿಗೆ, ನಾಲ್ಕು ಜನ ಬಂದು ಹಾಲುಕ್ಕಿಸಿ ಹೋಗುತ್ತಾರೆ ಅಂತ ಹೇಳಿದ್ದೆವು. ಆ ದಿನ ಬೆಳಗಿನ ಬಸ್ಸುಗಳಿಂದ ಇಳಿದವರ ತಲೆ ನೋಡಿ ಅವರು ಬಾಯ್ಬಿಟ್ಟರು. ಮುದುಕರು, ಬಸುರಿಯರು, ಕಂಕುಳಲ್ಲಿ ಮಕ್ಕಳು, ತಲೆ ಮೇಲೆ ಚೀಲಗಳು. ಚೀಲ ಬಿಚ್ಚಿದರೆ ಬಹಳಷ್ಟು ತೆಂಗಿನಕಾಯಿ. ತೆಂಗಿನ ಸೀಮೆಯವರು, ದುಡ್ಡಿಲ್ಲದಿದ್ದರೆ ಕಾಯಿ ತರುತ್ತಾರೆ. ಇವರ ಸ್ನೇಹಿತರು ಪೇಟೆಯವರು, ಗೋಡೆ ಗಡಿಯಾರ ತಂದರು. ಒಬ್ಬರಾದ ಮೇಲೆ ಒಬ್ಬರು ಗಡಿಯಾರವನ್ನೇ ತಂದರು. ಅತ್ತೆ ಪ್ರತಿ ಸಲವೂ ಕಾಗದ ಸುತ್ತಿದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು, “ಇದೂ ಟಿಕ್ ಟಿಕ್ ಅಂತೈತೆ,” ಎಂದು ನಿಟ್ಟುಸಿರು ಬಿಟ್ಟು ಪಕ್ಕಕ್ಕಿಟ್ಟರು.

ಹಾಲು ಚೆನ್ನಾಗಿ ಉಕ್ಕಿತು. ಚಿತ್ರಾನ್ನ, ಕೋಸಂಬರಿ, ಪಾಯಸ. ನಡುಮನೆಯಲ್ಲಿ ಎಲೆ ಹಾಕಿತ್ತು. ಆಗ ಜಾವಗಲ್ಲಿನ ಚಿಕ್ಕಪ್ಪ ಬಂದರು. ನನ್ನ ಗಂಡನ ಚಿಕ್ಕಪ್ಪ, ಅತ್ತೆಯ ಮೈದುನ, ನೆಂಟರಲ್ಲೆಲ್ಲ ದೊಡ್ಡ ಬಾಯಿಯವರು. ಬಂದವರು ಮನೆಯೆಲ್ಲ ಸುತ್ತಿ, ಗೋಡೆ ತಟ್ಟಿ, “ನಮ್ಮುಡುಗ ಗಟ್ಟಿಯಾಗಿ ಕಟ್ಸವ್ನೆ ಬುಡು,” ಎಂದು ಹೊಗಳಿದರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬೀದಿ ಬಾಗಿಲಲ್ಲಿ ನಿಂತು ಬೆರಗಿನಿಂದ ನೋಡುತ್ತಿದ್ದ ಓನರ್ ಅಮ್ಮನ ಹತ್ತಿರ ಹೋಗಿ ಬಹಳ ಪ್ರೀತಿಯಿಂದ, “ತಾವು ಇಲ್ಲಿ ಬಾಡಿಗೆಗೆ ಇದೀರಾ ತಾಯಿ? ನಮ್ಮುಡುಗ ಒಳ್ಳೇವ್ನು, ತೊಂದ್ರೆ ಕೊಡಲ್ಲ,” ಅಂದರು.

ಓನರ್ ಅಮ್ಮನ ಮುಖ ಕೆಂಪೇರಿತು. “ಏನ್ರೀ ಮಾತು ಇದು? ನನ್ನ ಯಜಮಾನ್ರು ಕಟ್ಟಿಸಿದ ಮನೆ ಕಣ್ರೀ ಇದು! ಬಾಡಿಗೆಗೆ ಬಂದಿರೋರು ನಿಮ್ಮ ಹುಡುಗ!”

ನಡುಮನೆಯಲ್ಲಿ ಪಾಯಸ ಸುರಿಯುವ ಸದ್ದು ನಿಂತುಹೋಯಿತು. ನನ್ನ ಗಂಡ ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತರು. ಓನರ್ ಅಮ್ಮ ಅವತ್ತೇ ನಮ್ಮನ್ನು ಹೊರಗೆ ಹಾಕಬಹುದಿತ್ತು. ಚಿಕ್ಕಪ್ಪ ಮುಯ್ಯಿಗೆಂದು ಕೈಯಲ್ಲಿ ಹಿಡಿದಿದ್ದ ನೂರರ ನೋಟನ್ನು ನಿಧಾನವಾಗಿ ಮಡಿಸಿ ಜೇಬಿಗೆ ಇಟ್ಟರು. “ಬಾಡ್ಗೆ ಮನೆಗೆ ಮುಯ್ಯಾ ಅತ್ಗೆ? ಎಲ್ಲಾರ ಉಂಟಾ? ನಾಳೆ ಸ್ವಂತ ಮನೆ ಕಟ್ಟಿದಾಗ ಯಾವ ಮುಖ ಇಟ್ಕೊಂಡು ಕರೀತೀರಿ? ಮುಯ್ಯಿ ಒಂದ್ಸಲ ತೀರ್ಸಿದ್ರೆ ತೀರ್ತು. ನಿಮ್ಮ ಮೂವತ್ತು ವರ್ಷದ್ದೆಲ್ಲ ಇದಕ್ಕೆ ಸುರೀತೀರಾ?”

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಕೋಣೆಯ ಬಾಗಿಲನ್ನು ಎಳೆದು, ಎಲ್ಲರಿಗೂ ಕಾಣುವ ಹಾಗೆ ಮುಚ್ಚಿ ತೆಗೆದು ತೋರಿಸಿದರು.

“ಇದಕ್ಕೇ ಕಣಪ್ಪ ಮುಯ್ಯಿ ಕೇಳ್ತಿರೋದು. ಇಷ್ಟು ದಿನ ಇವ್ರಿಗೆ ಬಾಗ್ಲಿರ್ಲಿಲ್ಲ. ನಾನು, ನನ್ ಮಗ, ಸೊಸೆ ಒಂದೇ ರೂಮಲ್ಲಿ ಬಿದ್ಕೊಂಡಿದ್ವಿ. ಮದ್ವೆಗೋದ್ರೆ, ತಿಥಿಗೋದ್ರೆ, ನೀವೆಲ್ಲ ನನ್ನ ಏನ್ ಕೇಳ್ತೀರಿ? ಮೊಮ್ಮಗ ಯಾವಾಗ, ಮೊಮ್ಮಗ ಯಾವಾಗ. ಮೊಮ್ಮಗ ಬೇಕು ಅಂತ ಎಲ್ರೂ ಕೇಳ್ತೀರಿ, ಬಾಗ್ಲು ಮಾತ್ರ ಯಾರೂ ಕೊಡಲ್ಲ. ಸ್ವಂತ ಮನೆ ಕಟ್ಟೋ ಹೊತ್ಗೆ ಇವ್ರಿಬ್ರೂ ಮುದುಕ್ರಾಗಿರ್ತಾರೆ. ಆಗ ಬಾಗ್ಲು ತಕ್ಕೊಂಡು ಏನ್ ಮಾಡಾನ? ಬಾಗ್ಲು ಈಗ ಬೇಕು!”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಗಂಡ ಸೌಟನ್ನು ಬಕೆಟ್ಟಿನಲ್ಲಿ ಬಿಟ್ಟು ಹಿತ್ತಲಿಗೆ ಓಡಿಹೋದರು. ಆಮೇಲೆ ಎಲೆಯ ಸಾಲಿನ ತುದಿಯಲ್ಲಿ ಕೂತಿದ್ದ ಕಣಕಟ್ಟೆಯ ಒಬ್ಬ ಹಣ್ಣು ಮುದುಕಿ ಬೊಚ್ಚುಬಾಯಿ ತೆರೆದು ನಗಲು ಶುರುಮಾಡಿದಳು. “ನಂಗೆ ಬಾಗ್ಲು ಇತ್ತಾ? ದನದ ಕೊಟ್ಟಿಗೇಲಿ ಕಣ್ರೇ ನನ್ ಸಂಸಾರ. ಎಮ್ಮೆ ತಿರುಗ್ ತಿರುಗಿ ನೋಡೋದು!” ಅಂದಳು. ಅಷ್ಟೇ. ಹೆಂಗಸರ ಸಾಲು ಸಾಲೇ ಬಿದ್ದು ಬಿದ್ದು ನಕ್ಕಿತು. ಒಬ್ಬೊಬ್ಬರೂ ತಮ್ಮ ತಮ್ಮ ಕಾಲದ ಕಷ್ಟ ಹೇಳಿಕೊಳ್ಳತೊಡಗಿದರು, ಗಂಡಸರು ಎಲೆಯ ಮೇಲೆ ಕಣ್ಣಿಟ್ಟು ಕೂತರು. ಆ ಮುದುಕಿ ಸೊಂಟದ ಚೀಲ ಬಿಚ್ಚಿ, ಸುಕ್ಕಾದ ಐವತ್ತರ ನೋಟು ತೆಗೆದು, ಕೋಣೆಯ ಹೊಸಿಲ ಮೇಲೆ ಇಟ್ಟಳು. ಅವಳ ಹಿಂದೆಯೇ ಉಳಿದವರೂ ತಂದು ಇಟ್ಟರು. ಕೊನೆಗೆ ಚಿಕ್ಕಪ್ಪನೂ ಆ ನೂರರ ನೋಟನ್ನು ಜೇಬಿಂದ ತೆಗೆದು, ಮೇಲೊಂದು ರೂಪಾಯಿ ಸೇರಿಸಿ, ಯಾರ ಮುಖವನ್ನೂ ನೋಡದೆ ಇಟ್ಟುಹೋದರು.

ಓನರ್ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ಬಂದ ನೀರೋ ಬೇರೆಯೋ ನನಗೆ ಗೊತ್ತಾಗಲಿಲ್ಲ. ಗೋಡೆಯಾಚೆಗೆ ಹೋಗಿ ಐವತ್ತೊಂದು ರೂಪಾಯಿ ತಂದು ತಮ್ಮದೇ ಮನೆಯ ಹೊಸಿಲಿಗೆ ತಾವೇ ಮುಯ್ಯಿ ಮಾಡಿದರು. “ಬಾಡಿಗೆ ಮಾತ್ರ ಐದನೇ ತಾರೀಕಿನೊಳಗೆ ಕೊಡಬೇಕು,” ಅಂತ ಸೇರಿಸುವುದನ್ನು ಮರೆಯಲಿಲ್ಲ.

ದುಡ್ಡೆಲ್ಲ ಕೂಡಿದರೆ ಸಾಲದ ಮುಕ್ಕಾಲು ಪಾಲಾಯಿತು. ಗಡಿಯಾರಗಳನ್ನು ಅಂಗಡಿಯವನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಸ್ಟೀಲು ಪಾತ್ರೆಗಳ ಮೇಲೆಲ್ಲ ಕೊಟ್ಟವರ ಹೆಸರು ಕೊರೆಸಿತ್ತು, ಅವನ್ನು ಮಾರಿದರೆ ನೆಂಟಸ್ತಿಕೆಯನ್ನೇ ಮಾರಿದ ಹಾಗೆ. ಉಳಿದದ್ದು ಕಾಯಿ. ಇವರು ಒಂದು ಲಗೇಜ್ ಆಟೋದಲ್ಲಿ ತುಂಬಿಕೊಂಡು ಮಂಡಿಗೆ ಹೋದರು. ಸಾಹುಕಾರರು ಒಂದೊಂದೇ ಕಾಯಿ ಎತ್ತಿ ಕುಲುಕಿ, “ಇದು ಮಾರೋಕೆ ಬೆಳೆದ ಕಾಯಲ್ಲ ಕಣಯ್ಯ, ಮುಯ್ಯಿಗೆ ಅಂತ ಆರಿಸಿದ ಕಾಯಿ. ಮರದಲ್ಲಿರೋ ಪೀಚೆಲ್ಲ ನಿನ್ನ ಪಾಲಿಗೆ ಕೊಟ್ಟವ್ರೆ,” ಎಂದು ಮತ್ತೆ ನಕ್ಕರಂತೆ. ಆದರೂ ಒಂದು ರೇಟು ಹಾಕಿ ಲೆಕ್ಕಕ್ಕೆ ಹಿಡಿದರು. ಅದಕ್ಕೂ ಸ್ವಲ್ಪ ಕಡಿಮೆ ಬಿದ್ದದ್ದನ್ನು ನನ್ನ ಸಂಬಳದಿಂದ ತುಂಬಿದೆವು. ಯುಗಾದಿಗೆ ಎರಡು ದಿನ ಮುಂಚೆ ಸಾಲ ತೀರಿತು. ಆ ವರ್ಷ ಹೊಸ ಬಟ್ಟೆ ಬರಲಿಲ್ಲ, ಒಬ್ಬಟ್ಟಿಗೆ ಕಾಯಿ ಹೂರಣ ಮಾತ್ರ ಧಾರಾಳವಾಗಿತ್ತು.

ಇಷ್ಟಾದರೂ ಆ ಬಾಗಿಲು ನಮಗಿನ್ನೂ ಸಿಕ್ಕಿರಲಿಲ್ಲ. ಹಾಲುಕ್ಕಿಸಲು ಬಂದ ನೆಂಟರಲ್ಲಿ ಕೆಲವರು, ಪೇಟೆಯ ಮನೆ ಹೇಗಿದೆ ನೋಡೋಣ ಅಂತ ಉಳಿದರು. ಅವರು ಹೋದರೆ ಇನ್ನೊಬ್ಬರು ಆಸ್ಪತ್ರೆಗೆ ಅಂತ ಬಂದರು, ಇನ್ನಾರೋ ರೈಲು ಹಿಡಿಯಲು ಬಂದರು. ಹೆಂಗಸರೆಲ್ಲ ಕೋಣೆಯೊಳಗೆ ಚಿಲಕ ಹಾಕಿಕೊಂಡು ಮಲಗುವರು, ನನ್ನ ಗಂಡ ನಡುಮನೆಯಲ್ಲಿ ಗಂಡಸರ ಗೊರಕೆಯ ನಡುವೆ. ಚಿಲಕದ ಕಟಕ್ ಸದ್ದನ್ನು ನಾನು ದಿನಾ ಕೇಳಿದೆ, ಮೂರು ಜನ ಚಿಕ್ಕತ್ತೆಯರ ಜೊತೆ. ಯುಗಾದಿ ಕಳೆದ ಮೇಲೆ ಕೊನೆಯ ಚಿಕ್ಕತ್ತೆಯನ್ನು ಅತ್ತೆಯೇ ಹೋಗಿ ಜಾವಗಲ್ ಬಸ್ಸು ಹತ್ತಿಸಿ, ಬಸ್ಸು ಹೊರಡುವವರೆಗೂ ಕಾವಲು ನಿಂತು ಬಂದರು.

ಅವತ್ತು ಊಟವಾಯಿತು. ಹಾಸಿಗೆ ಹಾಸುವ ಹೊತ್ತಿಗೆ ಅತ್ತೆ ನಡುಮನೆಯಲ್ಲಿ ತಮ್ಮ ಚಾಪೆ ಬಿಡಿಸಿ, ನಮ್ಮನ್ನು ಕೋಳಿ ಗೂಡಿಗೆ ಅಟ್ಟುವ ಹಾಗೆ ಕೋಣೆಗೆ ಅಟ್ಟಿದರು. ನಾನು ಚಿಲಕ ಹಾಕಿದೆ. ಇಷ್ಟೊಂದು ಕಷ್ಟಪಟ್ಟು ತಂದ ಸುಖ, ಕೂತು ಅನುಭವಿಸೋಣ ಅಂದುಕೊಂಡೆ. ಆದರೆ ಬಾಗಿಲ ಕೆಳಗೆ ಬೆಳಕಿನ ಗೆರೆ ಇನ್ನೂ ಇತ್ತು. ಬಹಳ ಹೊತ್ತು ಇತ್ತು. ಅತ್ತೆ ಕರೆಂಟಿನ ವಿಷಯದಲ್ಲಿ ಜುಗ್ಗರು, ಹೀಗೆ ದೀಪ ಉರಿಸುವವರಲ್ಲ. ಎದ್ದು ಬಾಗಿಲು ತೆಗೆದೆ.

ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲನ್ನು ಅಪ್ಪಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತ ಕೂತಿದ್ದರು. ಅಷ್ಟು ಜನರ ಮುಂದೆ ಬಾಗಿಲು ಬಡಿದು ಮಾತಾಡಿದ ಹೆಂಗಸು ಹೆದರಿದ್ದರು.

“ಏನಾಯ್ತು ಅತ್ತೆ?”

“ಏನಿಲ್ಲ ಕಣಮ್ಮಿ. ತೌರಲ್ಲಿ ಅಕ್ಕತಂಗೀರ ಮಧ್ಯ ಮಲಗಿದ್ದೆ. ಆಮೇಲೆ ನಿಮ್ಮಾವ. ಆಮೇಲೆ ನೀವು. ಒಬ್ಳೇ ಯಾವತ್ತೂ ಮಲಗಿಲ್ಲ ನೋಡು. ಅಭ್ಯಾಸ ಆಯ್ತದೆ ಬುಡು.”

ತಮಗೆ ಹೀಗಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಊರೂರು ಅಲೆದಿದ್ದರು. ಆ ಹೆಂಗಸಿನ ಮೇಲೆ ನನ್ನ ತಾಯಿಯ ಮೇಲೂ ಬಾರದಷ್ಟು ಪ್ರೀತಿ ಬಂತು. “ಬಾಗಿಲು ತೆಗೆದೇ ಮಲಗ್ತೀವಿ ಅತ್ತೆ, ನೀವು ಹೆದರ್ಬೇಡಿ,” ಅಂದೆ.

ಅತ್ತೆ ಸಿಡಿದುಬಿಟ್ಟರು. “ತೆಗೆದಿಡೋಕೆ ತಂದ್ನಾ ಅದನ್ನ? ಮೂವತ್ತು ವರ್ಷದ ಮುಯ್ಯಿ ಕಣೇ ಅದು! ಹೋಗು ಒಳಿಕ್ಕೆ. ಚಿಲಕ ಹಾಕು!”

ಒಳಗೆ ಬಂದು ಬಾಗಿಲು ಮುಚ್ಚಿದೆ. ಅಳು ಉಕ್ಕಿ ಬಂದು ಚಿಲಕದ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆ. ಹೊರಗೆ ಅವರೂ ಕಾಯುತ್ತಿದ್ದರು. ಕಟಕ್ ಅಂತ ಸದ್ದು ಕೇಳಿಸಿದ ಮೇಲೆಯೇ ದೀಪ ಆರಿಸಿದರು.